ರಾಗಿಗೆ ಹೆಸರಿಟ್ಟ ಕಾಗದಗಳು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಸುತ್ತಿನ ಹೊಲ, ಹಿತ್ತಿಲು, ಕೆರೆಯಂಚುಗಳಲ್ಲಿ ಎಲ್ಲರೂ ಬಲ್ಲ ಐದು ಗಿಡಮರಗಳನ್ನು ತೆಗೆದುಕೊಳ್ಳೋಣ: ರಾಗಿ, ಹುರುಳಿ, ನುಗ್ಗೆ, ಕರಿಬೇವು, ಹಿಪ್ಪೆ. ಇವುಗಳಿಗೆ ಇಂದು ಸಸ್ಯಶಾಸ್ತ್ರದಲ್ಲಿ ನಡೆಯುತ್ತಿರುವ ಹೆಸರುಗಳ ಮುಖ್ಯ ಭಾಗವೆಲ್ಲ ಹುಟ್ಟಿದ್ದು 1771ರಿಂದ 1788ರ ನಡುವೆ. ಹಿಪ್ಪೆಯನ್ನೂ ಕರಿಬೇವನ್ನೂ ಸ್ವೀಡನ್ನಿನ ಲಿನ್ನೇಯಸ್ 1771ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿಕೊಂಡ. ನುಗ್ಗೆಗೆ ಈಗಿನ ಹೆಸರು ಕೊಟ್ಟವನು ಫ್ರಾನ್ಸಿನ ಲಮಾರ್ಕ್, 1785ರಲ್ಲಿ. ಅದರ ಮರುವರ್ಷ ಅವನೇ ಹುರುಳಿಯನ್ನೂ ದಾಖಲಿಸಿದ. ಲಿನ್ನೇಯಸ್ ಬೇರೆ ಹುಲ್ಲುಗಳ ಜೊತೆ ಸೇರಿಸಿಟ್ಟಿದ್ದ ರಾಗಿಯನ್ನು ಅಲ್ಲಿಂದ ಬಿಡಿಸಿ ಎಲ್ಯುಸೈನ್ ಕುಲಕ್ಕೆ ತಂದವನು ಜರ್ಮನಿಯ ಗೇರ್ಟ್ನರ್, 1788ರಲ್ಲಿ. ಈ ಮೂವರಲ್ಲಿ ಒಬ್ಬನೂ ಭಾರತಕ್ಕೆ ಕಾಲಿಟ್ಟವನಲ್ಲ. ರಾಗಿಯ ಪೈರು ತೆನೆ ಬಿಚ್ಚುವುದನ್ನು ಹೊಲದಲ್ಲಿ ನಿಂತು ಅವರು ಕಂಡಿರಲಿಲ್ಲ. ಅವರ ಮುಂದಿದ್ದುದು ಒಣಗಿಸಿ ಕಾಗದದ ನಡುವೆ ಒತ್ತಿದ ರೆಂಬೆ, ಪೊಟ್ಟಣ ಕಟ್ಟಿದ ಬೀಜ, ಅವುಗಳ ಜೊತೆ ಬಂದ ಪತ್ರ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ನಿಸರ್ಗವಿಜ್ಞಾನ ನಡೆದದ್ದೇ ಪತ್ರಗಳ ಮೇಲೆ. ಆ ಪತ್ರಜಾಲದ ಚರಿತ್ರೆಯನ್ನು ಯುರೋಪಿನ ವಿದ್ವಾಂಸರು ತಮ್ಮತಮ್ಮಲ್ಲೇ ನಡೆಸಿದ ಸಂವಾದವೆಂದು ಹೇಳುವುದು ರೂಢಿ. ಕನ್ನಡ ನಾಡಿನ ಕಡೆಯಿಂದ ನೋಡಿದರೆ ಆ ಮಾತು ಅರ್ಧ ಸತ್ಯ. ಗಿಡ, ಬೀಜ, ಹುಳುಗಳಿಗಾಗಿ ಪತ್ರ ಬರೆಯುವ ಕೆಲಸ ಇಲ್ಲಿಯೂ ನಡೆದಿತ್ತು. ಹೊರಗೆ ಹೋದ ತಿಳಿವಳಿಕೆಯಲ್ಲಿ ಇಲ್ಲಿಯವರ ಪಾಲು ದೊಡ್ಡದಿತ್ತು. ಆದರೆ ಕಾಗದವನ್ನು ಯಾರು ಬರೆದರು, ಯಾರ ವಿಳಾಸಕ್ಕೆ ಬರೆದರು ಎಂಬುದರ ಮೇಲೆ ಯಾರು ವಿದ್ವಾಂಸ, ಯಾರು ಬರಿಯ ಆಳು ಎಂಬುದು ತೀರ್ಮಾನವಾಯಿತು.

ಮೊದಲು ಆ ಜಾಲ ಹೇಗಿತ್ತೆಂದು ನೋಡಬೇಕು. ಲಿನ್ನೇಯಸನ ಶಿಷ್ಯನಾಗಿದ್ದ ಯೋಹಾನ್ ಗೆರ್ಹಾರ್ಡ್ ಕೋನಿಗ್ 1768ರಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ವೈದ್ಯನಾಗಿ ಬಂದ. ತರಂಗಂಬಾಡಿ ಆಗ ಡೆನ್ಮಾರ್ಕಿನವರ ಕೋಟೆ, ಜರ್ಮನ್ ಪಾದ್ರಿಗಳ ಮಿಷನ್ನಿನ ನೆಲೆ. ಕೋನಿಗ್ ಅಲ್ಲಿಂದ ಗುರುವಿಗೆ ಗಿಡಗಳನ್ನು ಕಳಿಸುತ್ತಿದ್ದ. ಹಿಪ್ಪೆ ಲಿನ್ನೇಯಸನ ಪುಸ್ತಕ ಸೇರಿದ್ದು ಹಾಗೆ. ಕರಿಬೇವಿಗೆ ಗುರು ಶಿಷ್ಯನ ಹೆಸರನ್ನೇ ಇಟ್ಟ. ನಮ್ಮ ಪ್ರತಿ ಒಗ್ಗರಣೆಗೂ ಬೀಳುವ ಎಲೆಯ ಶಾಸ್ತ್ರೀಯ ಹೆಸರಿನಲ್ಲಿ ಕೋನಿಗ್ ಇಂದಿಗೂ ಇದ್ದಾನೆ. ಅವನು ಮುಂದೆ ಆರ್ಕಾಟಿನ ನವಾಬನ ಸೇವೆಗೂ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೂ ಸೇರಿ, 1785ರಲ್ಲಿ ಕಾಕಿನಾಡದ ಬಳಿ ತೀರಿಕೊಂಡ. ತನ್ನ ಕಾಗದಪತ್ರಗಳನ್ನು ಅವನು ಬಿಟ್ಟುಹೋದದ್ದು ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ. ರಾಯಲ್ ಸೊಸೈಟಿಯ ಅಧ್ಯಕ್ಷನಾಗಿ ನಲವತ್ತಕ್ಕೂ ಹೆಚ್ಚು ವರ್ಷ ಕೂತಿದ್ದ ಬ್ಯಾಂಕ್ಸನ ಮನೆಗೆ ಭೂಮಿಯ ಎಲ್ಲ ಮೂಲೆಗಳಿಂದಲೂ ಸಾವಿರಾರು ಪತ್ರಗಳು ಬಂದು ಬೀಳುತ್ತಿದ್ದವು. ತರಂಗಂಬಾಡಿಯಲ್ಲಿ ಕೋನಿಗನ ಕೆಲಸವನ್ನು ಯೋನ್, ರೋಟ್ಲರ್, ಕ್ಲೈನ್ ಮುಂದುವರಿಸಿ, ಬರ್ಲಿನ್ನಿನ ವಿಲ್ಡೆನೋವ್, ಕೋಪನ್‌ಹೇಗನ್ನಿನ ವಾಲ್ ಮುಂತಾದವರಿಗೆ ಒಣಗಿದ ಗಿಡಗಳ ಕಂತೆಗಳನ್ನು ಕಳಿಸಿದರು. ಕೋನಿಗ್ ಸಾಯುವಾಗ ಜೊತೆಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಸಾಮರ್ಲಕೋಟೆಯಲ್ಲಿ ತೋಟ ಮಾಡಿ, 1793ರಲ್ಲಿ ಕಲ್ಕತ್ತೆಯ ಕಂಪನಿ ತೋಟದ ಮುಖ್ಯಸ್ಥನಾದ. ಪಾಂಡಿಚೇರಿಯ ಕಡೆಯಿಂದ ಸೊನ್ನೆರಾ ಒಯ್ದ ಗಿಡಗಳು ಪ್ಯಾರಿಸಿನಲ್ಲಿ ಲಮಾರ್ಕನ ಕೈ ಸೇರಿದವು.

ಈ ಕೆಲಸ ಸುಲಭದ್ದಲ್ಲ. ಹಡಗು ಯುರೋಪ್ ಮುಟ್ಟಲು ಆರು ತಿಂಗಳು ಹಿಡಿಯುತ್ತಿತ್ತು. ಹಸಿ ಗಿಡವನ್ನು ಕುಂಡದಲ್ಲಿಟ್ಟು ಕಳಿಸಿದರೆ ಉಪ್ಪುಗಾಳಿಗೇ ಸಾಯುತ್ತಿತ್ತು. ಗಿಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುವ ಉಪಾಯ ತಿಳಿದದ್ದು ಮುಂದಿನ ಶತಮಾನದಲ್ಲಿ. ಒಣಗಿಸಿದ ರೆಂಬೆಗೆ ಮಳೆಗಾಲದ ಬೂಷ್ಟು, ಗೆದ್ದಲು; ಬೀಜಕ್ಕೆ ಇಲಿ, ತೇವ. ಒಂದು ಹಡಗು ಮುಳುಗಿದರೆ ಇನ್ನೊಂದಾದರೂ ಮುಟ್ಟಲಿ ಎಂದು ಒಂದೇ ಪತ್ರವನ್ನು ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳಿಸುತ್ತಿದ್ದರು. ಇಷ್ಟು ಕಷ್ಟಪಟ್ಟು ಕಳಿಸಿದ್ದಕ್ಕೆ ಪ್ರತಿಫಲವೆಂದರೆ ಪುಸ್ತಕದಲ್ಲಿ ಹೆಸರು. ಹೀಗೆ ಹೆಸರು ಪಡೆದವರ ಶ್ರದ್ಧೆಯನ್ನು ಸಣ್ಣದು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ನಾನು ಹೇಳಲಿರುವುದಕ್ಕೆ ಮುಖ್ಯವಾದದ್ದು ಇನ್ನೊಂದು: ಮೇಲೆ ಹೇಳಿದ ಊರುಗಳೆಲ್ಲ ಕಡಲಂಚಿನವು ಅಥವಾ ಕಡಲಿಗೆ ಹತ್ತಿರದವು. ರಾಕ್ಸ್‌ಬರ್ಗನ ಚಿತ್ರಗಳಿಂದ ಬ್ಯಾಂಕ್ಸ್ ಆರಿಸಿ 1795ರಿಂದ ಅಚ್ಚು ಮಾಡಿಸಿದ ಮುನ್ನೂರು ಚಿತ್ರಪಟಗಳ ಪುಸ್ತಕದ ಹೆಸರೇ ‘ಕೋರಮಂಡಲ ತೀರದ ಸಸ್ಯಗಳು’. ಘಟ್ಟದ ಮೇಲಿನ ಕನ್ನಡ ಸೀಮೆ ಆ ಪತ್ರಜಾಲದಲ್ಲಿ ಹೆಚ್ಚುಕಡಿಮೆ ಬರಿದಾದ ಜಾಗ. ರಾಗಿಯ ಬೀಜವಾಗಲಿ ಹುರುಳಿಯ ಬೀಜವಾಗಲಿ ಯುರೋಪಿಗೆ ಹೋದದ್ದು ಅವುಗಳನ್ನು ಮುಖ್ಯ ಆಹಾರ ಮಾಡಿಕೊಂಡ ಮೈಸೂರು ಸೀಮೆಯ ಪರಿಚಯವಾಗುವ ಮೊದಲೇ.

ಬರಿದಾಗಿ ಉಳಿಯಲು ಕಾರಣ ಯುದ್ಧ. 1767ರಿಂದ 1799ರವರೆಗೆ ಮೈಸೂರಿಗೂ ಕಂಪನಿಗೂ ನಾಲ್ಕು ಯುದ್ಧಗಳಾದವು. ಮದರಾಸಿನ ವೈದ್ಯ ಶ್ರೀರಂಗಪಟ್ಟಣದ ಪೊದೆಗಳಲ್ಲಿ ಗಿಡ ಹುಡುಕಿಕೊಂಡು ಅಲೆಯುವ ಕಾಲ ಅದಾಗಿರಲಿಲ್ಲ. ಆದರೆ ಕಂಪನಿಯವರಿಗೆ ಕಾಣದ್ದರಿಂದ ಇಲ್ಲಿ ಏನೂ ನಡೆಯುತ್ತಿರಲಿಲ್ಲ ಎಂದಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕ ಟಿಪ್ಪುವಿನ ಪತ್ರಗಳಲ್ಲಿ ಕೆಲವನ್ನು ಆರಿಸಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಟಿಪ್ಪುವಿನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವನಲ್ಲ ಈ ಅನುವಾದಕ. ಆದ್ದರಿಂದ ಅವನ ಆಯ್ಕೆ ಹೊಗಳಿಕೆಯ ಆಯ್ಕೆಯಲ್ಲ. ಅದರಲ್ಲಿ 1786ರ ಸೆಪ್ಟೆಂಬರಿನ ಒಂದು ಪತ್ರವಿದೆ, ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದದ್ದು. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬಹಾವುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಮರಳುತ್ತಿದ್ದಾರೆ. ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರನ್ನೇ ಕೇಳಿ ತಿಳಿದು ಏರ್ಪಾಡು ಮಾಡು. ಮೊದಲೇ ನೆಡಲು ಹೇಳಿದ್ದ ಹಿಪ್ಪುನೇರಳೆಯ ಎಲೆ ಒದಗಿಸು. ಎಷ್ಟು ಹುಳು ಬಂದಿವೆ, ಅವು ಹೆಚ್ಚುವ ಕ್ರಮ ಯಾವುದು ಎಂದು ನಮಗೆ ಬರೆದು ತಿಳಿಸು, ಇದು ಅದರ ಸಾರ. ಮದರಾಸಿನ ವೈದ್ಯ ಜೇಮ್ಸ್ ಆ್ಯಂಡರ್ಸನ್ ಹಿಪ್ಪುನೇರಳೆ ನೆಟ್ಟು ರೇಷ್ಮೆಯ ಪ್ರಯತ್ನಕ್ಕೆ ಇಳಿದು, ಆ ಬಗ್ಗೆ ಬರೆದ ಕಾಗದಗಳನ್ನು ಅಚ್ಚು ಹಾಕಿಸಿದ್ದು ಇದಾದ ಕೆಲವು ವರ್ಷಗಳ ಮೇಲೆ. ಆ್ಯಂಡರ್ಸನ್ ನಿಸರ್ಗವಿಜ್ಞಾನಿಗಳ ಪತ್ರವ್ಯವಹಾರದ ಚರಿತ್ರೆಯಲ್ಲಿ ಇದ್ದಾನೆ. ಕಸ್ತೂರಿ ರಂಗ ಅಲ್ಲಿಲ್ಲ.

ಎರಡು ವರ್ಷ ಬಿಟ್ಟು, 1788ರಲ್ಲಿ, ಮೈಸೂರಿನ ಮೂವರು ರಾಯಭಾರಿಗಳು ತುಲೋನ್ ಬಂದರಿನಲ್ಲಿ ಇಳಿದು ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಕೇಳಲು ಹೋದದ್ದು ಮುಖ್ಯವಾಗಿ ಸೈನ್ಯದ ನೆರವು; ಅದು ಸಿಗಲಿಲ್ಲ. ಕುಶಲಕರ್ಮಿಗಳು, ಬೀಜ, ಸಸಿ, ತೋಟಗಾರರು ಬೇಕೆಂಬುದೂ ಬೇಡಿಕೆಯ ಪಟ್ಟಿಯಲ್ಲಿತ್ತು, ಅದು ಸಿಕ್ಕಿತು. ಪ್ಯಾರಿಸಿನ ರಾಜೋದ್ಯಾನದಿಂದ ತೋಟಗಾರರೂ ಗಿಡಗಳೂ ಮಾರಿಷಸ್ ದಾರಿಯಾಗಿ ಮೈಸೂರಿಗೆ ಹೊರಟವು. ಲಮಾರ್ಕ್ ನುಗ್ಗೆ, ಹುರುಳಿಗಳ ಬಗ್ಗೆ ಬರೆದ ಎರಡು ಮೂರು ವರ್ಷಗಳಲ್ಲೇ, ಅವನಿಗೆ ಚೆನ್ನಾಗಿ ಪರಿಚಯವಿದ್ದ ತೋಟದಿಂದಲೇ ಮೈಸೂರಿಗೆ ಬೀಜ ಬರುತ್ತಿತ್ತು ಎಂಬುದನ್ನು ನೆನೆದರೆ, ಸಂವಾದ ಒಂದೇ ದಿಕ್ಕಿನದಾಗಿತ್ತೆಂದು ಹೇಳುವುದು ಕಷ್ಟ. ಬೆಂಗಳೂರಿನ ಲಾಲ್‌ಬಾಗ್ ಇದಕ್ಕೆ ಇನ್ನೊಂದು ಸಾಕ್ಷಿ. ಹೈದರಾಲಿ ಶುರು ಮಾಡಿ ಟಿಪ್ಪು ಬೆಳೆಸಿದ ಆ ತೋಟವನ್ನು 1800ರ ಮೇ ತಿಂಗಳಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್, ಸೈಪ್ರೆಸ್ ಮರಗಳ ಸಾಲಿನ ಕಾಲುದಾರಿಗಳ ನಡುವಿನ ಚೌಕಗಳನ್ನು ವರ್ಣಿಸಿದ್ದಾನೆ. ಒಂದು ಚೌಕದ ತುಂಬ ಗುಲಾಬಿಯೇ, ಇನ್ನೊಂದರ ತುಂಬ ದಾಳಿಂಬೆಯೇ, ಹೀಗೆ ಜಾತಿಗೊಂದು ಪಾತಿ. ದಕ್ಷಿಣ ಆಫ್ರಿಕದ ಕೇಪ್‌ನಿಂದ ಬಂದ ಓಕ್, ಪೈನ್ ಸಸಿಗಳು ಬೆಂಗಳೂರಿನಲ್ಲಿ ಹದವಾಗಿ ಬೇರೂರಿವೆಯೆಂದೂ ಅವನು ಬರೆದ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದಕ್ಕೆ ತೂಕವೂ ಇದೆ. ಟಿಪ್ಪುವಿನ ಪತ್ರಗಳು ಅರಸನ ಆಜ್ಞೆಗಳು, ಲಾಭದ ಲೆಕ್ಕಾಚಾರ. ಅವನ್ನು ನಿಸರ್ಗವಿಜ್ಞಾನ ಎನ್ನಬಹುದೆ? ಲಾಭದ ಮಾತನ್ನು ಮೊದಲು ನೋಡೋಣ. ಆ್ಯಂಡರ್ಸನ್ ಬ್ಯಾಂಕ್ಸನಿಗೆ ಬರೆದ ಹೆಸರುವಾಸಿ ಪತ್ರಗಳು ಕಾಚಿನೀಲ್ ಎಂಬ ಕೆಂಪು ಬಣ್ಣದ ಹುಳುವಿನವು. ಮೆಕ್ಸಿಕೋದಿಂದ ಸ್ಪೇನಿನವರು ಗಳಿಸುತ್ತಿದ್ದ ಹಣವನ್ನು ಕಂಪನಿ ಗಳಿಸಬಾರದೇಕೆ ಎಂಬುದು ಅವುಗಳ ಮೂಲ. ಕರ್ನಲ್ ಕಿಡ್ 1786ರಲ್ಲಿ ಕಲ್ಕತ್ತೆಯ ತೋಟಕ್ಕೆ ಕಂಪನಿಯ ಒಪ್ಪಿಗೆ ಕೇಳಿದ್ದು ಕ್ಷಾಮಕ್ಕೆ ಆಹಾರ, ವ್ಯಾಪಾರಕ್ಕೆ ಸರಕು ಎಂಬ ಕಾರಣ ಮುಂದಿಟ್ಟು. ಬುಕಾನನ್‌ಗೆ ಗವರ್ನರ್ ಜನರಲ್ ವೆಲ್ಲೆಸ್ಲಿ 1800ರ ಫೆಬ್ರುವರಿಯಲ್ಲಿ ಕೊಟ್ಟ ಸೂಚನೆಯಲ್ಲಿ ಮೊದಲ ಸ್ಥಾನ ಬೇಸಾಯಕ್ಕೆ. ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿಗಳೆಲ್ಲ ಅದರಲ್ಲಿದ್ದವು. ಲಾಭದ ಉದ್ದೇಶ ವಿಜ್ಞಾನವನ್ನು ಕೆಡಿಸುತ್ತದೆ ಎಂದಾದರೆ ಬ್ಯಾಂಕ್ಸನ ಪೆಟ್ಟಿಗೆಯಲ್ಲಿ ಉಳಿಯುವುದು ಕೆಲವೇ ಕಾಗದ. ಆಕ್ಷೇಪಣೆಯ ಇನ್ನೊಂದು ಭಾಗವನ್ನು ಮಾತ್ರ ಒಪ್ಪಬೇಕು. ದೂರದೂರದ ಗಿಡಗಳನ್ನು ಅಕ್ಕಪಕ್ಕ ಇಟ್ಟು, ಹೂವಿನ ಕೇಸರ ಎಣಿಸಿ, ಒಂದು ಗಿಡಕ್ಕೆ ಜಗತ್ತಿನಲ್ಲೆಲ್ಲ ಒಂದೇ ಹೆಸರು ನಿಲ್ಲಿಸುವ ಕೆಲಸ ಶ್ರೀರಂಗಪಟ್ಟಣದಲ್ಲಿ ನಡೆಯಲಿಲ್ಲ. ಅದು ಲಿನ್ನೇಯಸನ ಪರಂಪರೆಯ ನಿಜವಾದ ಕೊಡುಗೆ. ಹೊಸ ಜಾತಿಯೊಂದನ್ನು ತರಿಸಿ, ಅದರ ಆಹಾರ, ಜಾಗ, ಸಂತಾನದ ಕ್ರಮಗಳನ್ನು ವಿಚಾರಿಸಿ, ಎಣಿಕೆ ಕೇಳಿ ಬರೆಸಿಕೊಳ್ಳುವುದು ನಿಸರ್ಗದ ಅಧ್ಯಯನದ ಇನ್ನೊಂದು ಅರ್ಧ. ಆ ಅರ್ಧ ಇಲ್ಲಿತ್ತು, ಅದನ್ನು ಮಾಡಿದವರ ಹೆಸರೂ ಕಾಗದದಲ್ಲಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ವಿದ್ವಾಂಸರ ಕಾಗದ ಘಟ್ಟ ಹತ್ತಿದ್ದು ಆ ಸೈನ್ಯದ ಬೆನ್ನಿಗೇ. ತರಂಗಂಬಾಡಿಯ ಮಿಷನ್ನಿನಿಂದ ಕಂಪನಿಗೆ ಬಂದಿದ್ದ ಬೆಂಜಮಿನ್ ಹೇಯ್ನೆ, ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಗೆ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿ ಸೇರಿದ. ಲಾಲ್‌ಬಾಗ್ ಅವನ ವಶಕ್ಕೆ ಬಂತು. ಸ್ಕಾಟ್ಲೆಂಡಿನವನಾದ ಬುಕಾನನ್ ಎಡಿನ್‌ಬರೋದಲ್ಲಿ ಜಾನ್ ಹೋಪ್ ಬಳಿ ಸಸ್ಯಶಾಸ್ತ್ರ ಕಲಿತವನು, ಬರ್ಮಾಕ್ಕೆ ಹೋಗಿಬಂದವನು. 1800ರ ಏಪ್ರಿಲಿನಲ್ಲಿ ಮದರಾಸು ಬಿಟ್ಟು, ಮೈಸೂರು, ಮಲಬಾರ್, ಕೆನರಾ ಸುತ್ತಿ, 1801ರ ಜುಲೈನಲ್ಲಿ ಮದರಾಸಿಗೇ ಮರಳಿದ. ಪಯಣದ ಕೊನೆಯ ಘಟ್ಟದಲ್ಲಿ, ಹಿರಿಯೂರಿನಿಂದ ಶ್ರೀರಂಗಪಟ್ಟಣಕ್ಕೆ ಇಳಿಯುವಾಗ, ಹಳೇಬೀಡು, ಬೇಲೂರು, ಹಾಸನ, ಚನ್ನರಾಯಪಟ್ಟಣಗಳ ಸೀಮೆಯನ್ನು ದಾಟಿದ. ನುಗ್ಗೇಹಳ್ಳಿ ಇರುವುದು ಈ ಸೀಮೆಯಲ್ಲೇ. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು. ಅವನು ಒಣಗಿಸಿದ ಮೈಸೂರಿನ ಗಿಡಗಳು ಹೋದದ್ದು ಎಡಿನ್‌ಬರೋದ ಸಹಪಾಠಿ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ. ಲಿನ್ನೇಯಸನ ಸಂಗ್ರಹವನ್ನು 1784ರಲ್ಲಿ ಕೊಂಡುಕೊಂಡು, 1788ರಲ್ಲಿ ಲಿನ್ನೇಯನ್ ಸೊಸೈಟಿ ಸ್ಥಾಪಿಸಿದವನೇ ಈ ಸ್ಮಿತ್. ಹೀಗೆ ಕನ್ನಡ ಸೀಮೆಯ ರೆಂಬೆಗಳು ಲಿನ್ನೇಯಸನ ರೆಂಬೆಗಳಿರುವ ಮನೆಗೇ ಸೇರಿದವು.

ಬುಕಾನನನ ಪುಸ್ತಕದಲ್ಲಿ ಒಂದು ವಿಷಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಗೇರ್ಟ್ನರ್‌ಗೆ ರಾಗಿ ಎಂದರೆ ಕೊಯ್ದು ನೋಡಬೇಕಾದ ಒಂದು ಕಾಳು. ಅದರ ಸಿಪ್ಪೆ ಎಷ್ಟು ಸಡಿಲ, ಮೊಳಕೆ ಯಾವ ಮೂಲೆಯಲ್ಲಿದೆ ಎಂಬುದರ ಮೇಲೆ ಅವನು ಕುಲ ನಿರ್ಧರಿಸಿದ. ಲಂಡನ್, ಲೈಡನ್‌ಗಳ ಸಂಗ್ರಹಗಳಿಂದ ಬೀಜ ತರಿಸಿಕೊಂಡು ಹೀಗೆ ನೂರಾರು ಗಿಡಗಳನ್ನು ಪರೀಕ್ಷಿಸಿದ ದೊಡ್ಡ ಕೆಲಸ ಅದು. ಬುಕಾನನ್ ಬಂದಾಗ ರಾಗಿ ಹೊಲಕ್ಕೆ ಇಳಿಯಿತು. ಎರಚಿ ಬಿತ್ತುವುದು, ಕೂರಿಗೆಯಲ್ಲಿ ಬಿತ್ತುವುದು, ನಾಟಿ ಹಾಕುವುದು ಎಂಬ ಮೂರು ಬಗೆಯನ್ನು ಬೇರೆ ಬೇರೆಯಾಗಿ ಬರೆದುಕೊಂಡ. ರೈತರು ಕರಿ, ಕೆಂಪು ಎಂದು ವಿಂಗಡಿಸುವ ತಳಿಗಳನ್ನು ಕೇಳಿ ತಿಳಿದ. ಕೂರಿಗೆ, ಕುಂಟೆಗಳ ಚಿತ್ರ ಬರೆಸಿದ. ಕೂರಿಗೆಯ ಮರದ ದಿಮ್ಮಿಗೆ ಸಾಲಾಗಿ ತಾಳು, ಪ್ರತಿ ತಾಳಿಗೂ ಒಂದು ಬಿದಿರ ಕೊಳವೆ, ಕೊಳವೆಗಳೆಲ್ಲ ಮೇಲೆ ಕೂಡುವ ಕಡೆ ತೂತು ಕೊರೆದ ಮರದ ಬಟ್ಟಲು. ಹಿಂದೆ ನಡೆಯುವವರು ಹಿಡಿಯಿಂದ ರಾಗಿ ಬಿಡುತ್ತ ಹೋದರೆ ಎಲ್ಲ ಸಾಲಿಗೂ ಸಮನಾಗಿ ಬೀಜ ಬೀಳಬೇಕು. ಕೈ ಒಂದಿಷ್ಟು ಬಿಗಿಯಾದರೆ ಒಂದು ಸಾಲು ಖಾಲಿ, ಸಡಿಲವಾದರೆ ಪೈರು ಒತ್ತೊತ್ತು. ಅವರೆ, ತೊಗರಿಯ ಅಕ್ಕಡಿ ಸಾಲಿಗೆ ಹಿಂದೆ ಹಗ್ಗದಲ್ಲಿ ಕಟ್ಟಿದ ಬೇರೊಂದು ಒಂಟಿ ಕೊಳವೆ, ಅದನ್ನು ಹಿಡಿಯಲು ಇನ್ನೊಂದು ಕೈ. ರಾಗಿ ಕೈಕೊಟ್ಟ ವರ್ಷ ಅಕ್ಕಡಿ ಕೈ ಹಿಡಿಯುತ್ತದೆ ಎಂಬ ಲೆಕ್ಕ ಈ ಎರಡು ಕೊಳವೆಗಳಲ್ಲಿದೆ. ಇದು ಗಿಡದ ಬಗೆಗಿನ ಜ್ಞಾನವಲ್ಲದೆ ಬೇರೇನು? ಬುಕಾನನ್ ಇದನ್ನು ಜ್ಞಾನವೆಂದೇ ಭಾವಿಸಿ ಬರೆದ, ಅದಕ್ಕಾಗಿ ಅವನು ಸಮಕಾಲೀನರಲ್ಲಿ ಹೆಚ್ಚಿನವರಿಗಿಂತ ಮೇಲೆ ನಿಲ್ಲುತ್ತಾನೆ. ಎರಡು ಶತಮಾನ ಕಳೆದರೂ ಹಳೇ ಮೈಸೂರಿನ ಬೇಸಾಯದ ಚರಿತ್ರೆ ಬರೆಯುವವರು ಅವನ ಪುಸ್ತಕವಿಲ್ಲದೆ ಮುಂದಡಿ ಇಡಲಾರರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ರೈತರು ಹೇಳಿದ್ದು ದುಭಾಷಿಯ ಬಾಯಿಂದ ಅವನಿಗೆ ಮುಟ್ಟಿತು, ಅವನಿಂದ ಲಂಡನ್ನಿಗೆ ಮುಟ್ಟಿತು. ಮಾತು ಹೀಗೆ ಕೈಯಿಂದ ಕೈಗೆ ಹೋಗುವಾಗ ‘ರೈತರು ಹೇಳುತ್ತಾರೆ’ ಎಂಬಷ್ಟೇ ಉಳಿದು, ಯಾವ ಊರಿನ ಯಾವ ಗೌಡ ಎಂಬುದು ಬಿಟ್ಟುಹೋಯಿತು.

ಇದಕ್ಕೆ ಎದುರಾಗಿ ಬರುವ ಬಲವಾದ ಮಾತೆಂದರೆ, ನಿಸರ್ಗವಿಜ್ಞಾನಿಗಳ ಬಳಗಕ್ಕೆ ದೇಶದ ಗಡಿ, ಯುದ್ಧದ ಹಗೆ ಇರಲಿಲ್ಲ ಎಂಬುದು. ಅದಕ್ಕೆ ಒಳ್ಳೆಯ ನಿದರ್ಶನವೂ ಇದೆ. ಫ್ರಾನ್ಸಿನ ಲಾಬಿಲಾರ್ದಿಯೇರ್ ಆಸ್ಟ್ರೇಲಿಯದ ಕಡೆ ಕೂಡಿಸಿದ ಸಸ್ಯಸಂಗ್ರಹ ಜಾವಾದಲ್ಲಿ ವಶವಾಗಿ ಕೊನೆಗೆ ಇಂಗ್ಲೆಂಡಿನವರ ಕೈಗೆ ಬಂತು. ಎರಡು ದೇಶಗಳೂ ಆಗ ಯುದ್ಧದಲ್ಲಿದ್ದವು. ಆದರೂ ಬ್ಯಾಂಕ್ಸ್ ಪಟ್ಟು ಹಿಡಿದು, 1796ರಲ್ಲಿ, ಇಡೀ ಸಂಗ್ರಹವನ್ನು ಅದರ ಒಡೆಯನಿಗೆ ಮರಳಿಸಿದ. ಇದು ಉದಾತ್ತ ನಡೆ, ಸಂದೇಹವಿಲ್ಲ. ಇದರ ಪಕ್ಕದಲ್ಲಿ ಮೂರು ವರ್ಷದ ನಂತರದ ಶ್ರೀರಂಗಪಟ್ಟಣವನ್ನು ಇಟ್ಟು ನೋಡಬೇಕು. ಅರಮನೆಯಲ್ಲಿದ್ದ ಸುಮಾರು ಎರಡು ಸಾವಿರ ಗ್ರಂಥಗಳ ಭಂಡಾರ ಯುದ್ಧದ ಗಳಿಕೆಯಾಗಿ ಕಂಪನಿಯ ಪಾಲಾಯಿತು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅದರ ವಿವರವಾದ ಪಟ್ಟಿ ಅಚ್ಚು ಮಾಡಿಸಿದ. ತೋಟ ಕಂಪನಿಯ ತೋಟವಾಯಿತು, ಪತ್ರಗಳು ಕಂಪನಿಯ ದಫ್ತರವಾದವು. ಅರಮನೆಯ ಗ್ರಂಥಗಳೂ ಒಬ್ಬ ಸಸ್ಯಶಾಸ್ತ್ರಜ್ಞನ ಸ್ವಂತ ಸಂಗ್ರಹವೂ ಒಂದೇ ಅಲ್ಲ ಎಂದು ವಾದಿಸಬಹುದು. ಆ ವ್ಯತ್ಯಾಸವನ್ನು ಬಿಟ್ಟುಕೊಟ್ಟರೂ ಒಂದು ಮಾತು ಉಳಿ‌ಯುತ್ತದೆ. ಲಾಬಿಲಾರ್ದಿಯೇರನ ಹಕ್ಕು ಬ್ಯಾಂಕ್ಸನಿಗೆ ಕಂಡದ್ದು ಅವನು ಬ್ಯಾಂಕ್ಸನ ಪತ್ರಮಿತ್ರರ ಬಳಗದವನಾದ್ದರಿಂದ. ಯುದ್ಧವನ್ನು ಮೀರಿದ ಆ ಸ್ನೇಹ ಬಳಗದ ಒಳಗಿನದು. ವರ್ಸೇಲ್ಸ್‌ವರೆಗೆ ಬೀಜ ಕೇಳಿಕೊಂಡು ಹೋದ ಮೈಸೂರು, ಆ ಬಳಗದ ಲೆಕ್ಕದಲ್ಲಿ ಶತ್ರುರಾಜ್ಯವಾಗಿತ್ತು, ಆಮೇಲೆ ಗೆದ್ದ ಸೀಮೆಯಾಯಿತು. ಪತ್ರ ಬರೆಯಬೇಕಾದ ವಿಳಾಸ ಎಂದೂ ಆಗಲಿಲ್ಲ.

ಇನ್ನು ಕಾಲಧರ್ಮದ ವಾದ. ನೆರವಾದ ಸ್ಥಳೀಯರ ಹೆಸರು ಬರೆಯುವ ಪದ್ಧತಿಯೇ ಆಗ ಇರಲಿಲ್ಲ, ಇಂದಿನ ನ್ಯಾಯವನ್ನು ಅಂದಿನವರ ಮೇಲೆ ಹೇರಬಾರದು ಎನ್ನುತ್ತಾರೆ. ಇದನ್ನು ಒಪ್ಪಲು ಸಾಕ್ಷ್ಯ ಬಿಡುವುದಿಲ್ಲ. ಕೋನಿಗ್ ಬರುವುದಕ್ಕೆ ತೊಂಬತ್ತು ವರ್ಷ ಮೊದಲು, 1678ರಲ್ಲಿ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ‘ಹೊರ್ಟಸ್ ಮಲಬಾರಿಕಸ್’ನ ಮೊದಲ ಸಂಪುಟ ತಂದಾಗ, ಗಿಡಗಳ ವಿವರ ಕೊಟ್ಟ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಬ್ರಾಹ್ಮಣರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಇವರ ಹೇಳಿಕೆಗಳನ್ನು ಅವರವರ ಲಿಪಿಯಲ್ಲೇ, ಹೆಸರು ಸಮೇತ ಅಚ್ಚು ಹಾಕಿಸಿದ. ಲಿನ್ನೇಯಸ್, ಲಮಾರ್ಕ್, ಬುಕಾನನ್ ಎಲ್ಲರೂ ತೆರೆದು ನೋಡುತ್ತಿದ್ದ ಪುಸ್ತಕ ಅದು. ಬುಕಾನನ್ ಮುಂದೆ ಅದಕ್ಕೊಂದು ವ್ಯಾಖ್ಯಾನವನ್ನೇ ಬರೆದ. ಮಾದರಿ ಕಣ್ಣೆದುರಿಗಿತ್ತು. ನಮ್ಮ ಸೀಮೆಯ ಮಾದರಿ ಇನ್ನೂ ಹಳೆಯದು. ಹೊಯ್ಸಳ ದೊರೆ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ನುಗ್ಗೇಹಳ್ಳಿಯಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ವಿಗ್ರಹದ ಕಾಲಡಿಯಲ್ಲೇ ಕೊರೆದಿದ್ದಾರೆ. ದಕ್ಷಿಣ ಮಗ್ಗುಲು ನಂದಿಯ ಬೈಚೋಜನದು, ಉತ್ತರ ಮಗ್ಗುಲು ಮಲ್ಲಿತಮ್ಮನದು ಎಂದು ಇಂದಿಗೂ ಬಿಡಿಸಿ ಹೇಳಬಹುದಾದದ್ದು ಅದರಿಂದ. ಕಟ್ಟಿಸಿದವನ ಹೆಸರಿಗೆ ಇದರಿಂದ ಕುಂದೇನೂ ಬರಲಿಲ್ಲ. ರಾಕ್ಸ್‌ಬರ್ಗ್‌ಗೆ ಎರಡೂವರೆ ಸಾವಿರಕ್ಕೂ ಮಿಕ್ಕಿ ಸಸ್ಯಚಿತ್ರಗಳನ್ನು ಬರೆದುಕೊಟ್ಟ ಭಾರತೀಯ ಚಿತ್ರಕಾರರು ಎಲೆಯ ನರ, ಹೂವಿನ ಒಳಭಾಗಗಳನ್ನು ಅಷ್ಟೇ ಸೂಕ್ಷ್ಮವಾಗಿ ಕಂಡವರು, ಆದರೆ ಅಚ್ಚಾದ ಪಟಗಳಲ್ಲಿ ಅವರ ಹೆಸರಿಲ್ಲ. ಮುಂದೆ ರಾಬರ್ಟ್ ವೈಟ್ ತನ್ನ ಚಿತ್ರಕಾರ ಗೋವಿಂದುವಿನ ಹೆಸರನ್ನು ಒಂದು ಆರ್ಕಿಡ್ ಕುಲಕ್ಕೇ ಇಟ್ಟ. ಹೆಸರು ಬರೆಯಬೇಕೆಂಬ ಮನಸ್ಸಿದ್ದವರಿಗೆ ಮೊದಲೂ ಆಮೇಲೂ ಅಡ್ಡಿಯಿರಲಿಲ್ಲ ಎಂದಾಯಿತು.

ಸ್ಥಳೀಯ ಹೆಸರುಗಳನ್ನು ಅವರು ಬರೆದಿಟ್ಟರಲ್ಲ, ಅದೇ ಋಣಸಂದಾಯವಲ್ಲವೆ ಎಂದು ಕೇಳುವವರಿದ್ದಾರೆ. ಬುಕಾನನ್ ಕಾಡಿನ ಮರಗಳ ಪಟ್ಟಿ ಮಾಡುವಾಗ ಹೊನ್ನೆ, ಬೀಟೆ, ಮತ್ತಿ ಎಂದು ಕನ್ನಡದ ಹೆಸರುಗಳನ್ನೇ ಮುಂದಿಟ್ಟದ್ದು ನಿಜ. ಮರದ ಹೆಸರು ಊರಿಗೆಲ್ಲ ಸೇರಿದ್ದು. ಯಾರ ಬಾಯಿಂದ ಕೇಳಿದರೂ ಅದು ಸಿಗುತ್ತದೆ. ಇದು ಮತ್ತಿ, ಇದು ಹೊನ್ನೆ ಎಂದು ಎಲೆಯುದುರಿದ ಕಾಲದಲ್ಲೂ ತೊಗಟೆ ನೋಡಿ ಗುರುತು ಹಿಡಿದು ತೋರಿಸಿದವರ ಕೌಶಲ ಒಬ್ಬೊಬ್ಬರದು. ಮತ್ತಿಯ ಕಥೆಯಲ್ಲಿ ಇದು ನಿಚ್ಚಳವಾಗುತ್ತದೆ. ಹಾಸನ ಜಿಲ್ಲೆಯ ಪಶ್ಚಿಮದ ಕಾಡುಗಳಲ್ಲಿ, ಮೊಸಳೆಯ ಬೆನ್ನಿನಂತೆ ಸೀಳಿದ ತೊಗಟೆಯಿಂದ ಬಲ್ಲವರು ಗುರುತಿಸುವ ಮರ ಅದು. ಬರ್ಲಿನ್ನಿನ ವಿಲ್ಡೆನೋವ್ ಅದಕ್ಕೊಂದು ಹೆಸರಿಟ್ಟ, ರಾಕ್ಸ್‌ಬರ್ಗ್ ಇನ್ನೊಂದು. ಮೂರನೆಯದು ಹೇಯ್ನೆ ಕಳಿಸಿದ ರೆಂಬೆಯಿಂದ ಬಂತು. ಹೇಯ್ನೆ ಭಾರತದಲ್ಲಿ ಕೂಡಿಸಿದ ಗಿಡಗಳು ಹೋದದ್ದು ಬ್ರೆಮೆನ್ ಬಳಿಯ ವೈದ್ಯ ಆಲ್ಬ್ರೆಕ್ಟ್ ರೋಟ್‌ಗೆ. ಹೇಯ್ನೆ 1819ರಲ್ಲಿ ಮದರಾಸಿನಲ್ಲಿ ತೀರಿಕೊಂಡ. ರೋಟ್ 1821ರಲ್ಲಿ ಆ ಗಿಡಗಳ ಪುಸ್ತಕ ಪ್ರಕಟಿಸಿದ. ಒಂದೇ ಮರಕ್ಕೆ ಮೂರು ಹೆಸರಾಗಲು ಕಾರಣ, ಕಾಗದಗಳು ಮೂರು ಬೇರೆ ಬೇರೆ ವಿಳಾಸಗಳಿಗೆ ಹೋದದ್ದು. ಇಂದಿಗೂ ಆ ಹೆಸರುಗಳ ಹಿಂದೆ ವಿಲ್ಡೆನೋವ್, ರಾಕ್ಸ್‌ಬರ್ಗ್, ಹೇಯ್ನೆ, ರೋಟ್ ಎಲ್ಲರೂ ಇದ್ದಾರೆ. ಮರ ತೋರಿಸಿದವರಲ್ಲಿ ಒಬ್ಬರೂ ಇಲ್ಲ.

ಹೇಯ್ನೆ ಇದ್ದ ಅದೇ ಮೈಸೂರು ಸರ್ವೆಯಲ್ಲಿ ಚರಿತ್ರೆಯ ಕಡೆ ನಡೆದದ್ದು ಬೇರೆ. ಮೆಕೆಂಜಿಯ ಜೊತೆಗಿದ್ದ ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಿಕೊಟ್ಟ ಜೈನ ಪಂಡಿತ ಮಲೆಯೂರಿನ ಧರ್ಮಯ್ಯ ಇವರ ಹೆಸರು ಉಳಿದಿದೆ. ಜೈನ ಗುರುವೊಬ್ಬರಿಂದ ಬೊರಯ್ಯ ಕೇಳಿ ಬರೆದ ವಿವರ ‘ಏಷಿಯಾಟಿಕ್ ರಿಸರ್ಚಸ್’ನ ಒಂಬತ್ತನೆಯ ಸಂಪುಟದಲ್ಲಿ ಅವನ ಹೆಸರಿನೊಂದಿಗೇ ಅಚ್ಚಾಯಿತು, ಅದೇ ಸಂಪುಟದಲ್ಲಿ ಜೈನರ ಬಗ್ಗೆ ಬುಕಾನನನ ದಿನಚರಿಯ ಭಾಗವೂ ಇದೆ. ಒಂದೇ ಸರ್ವೆ, ಒಂದೇ ಕಾಲ. ಶಾಸನ ಓದಿದವನಿಗೆ ಹೆಸರುಂಟು, ಮತ್ತಿಯನ್ನು ತೋರಿಸಿದವನಿಗಿಲ್ಲ. ಮೆಕೆಂಜಿ ಹೇಯ್ನೆಗಿಂತ ಉದಾರಿಯಾಗಿದ್ದ ಎಂದಷ್ಟೇ ಇದನ್ನು ವಿವರಿಸಿದರೆ ಸಾಲದು. ಮೆಕೆಂಜಿಯ ಸಹಾಯಕರು ಊರೂರು ತಿರುಗಿ ತಾವೇ ಕಾಗದ ಬರೆದು ಅವನಿಗೆ ವರದಿ ಕಳಿಸುತ್ತಿದ್ದರು. ಅವರ ಬರಹವಿಲ್ಲದೆ ಅವನ ಕೆಲಸವೇ ನಡೆಯುತ್ತಿರಲಿಲ್ಲ. ಗಿಡ ತಂದವರು ರೆಂಬೆಯನ್ನು ಕೈಯಲ್ಲಿ ಕೊಟ್ಟು ಬಾಯಲ್ಲಿ ಹೇಳಿದರು. ಅವರ ಪರವಾಗಿ ಕಾಗದ ಬರೆದವನು ಬೇರೆಯವನು, ತನ್ನ ಹೆಸರಿನಲ್ಲಿ ಬರೆದ.

ಆದ್ದರಿಂದ ಬ್ಯಾಂಕ್ಸ್, ಸ್ಮಿತ್, ರೋಟ್ ಇವರ ಕಾಗದದ ಕಟ್ಟುಗಳನ್ನು ಎಷ್ಟು ಸಲ ಮಗುಚಿದರೂ ಆ ಹೆಸರುಗಳು ಸಿಗುವ ಸಂಭವ ಕಡಿಮೆ. ಹುಡುಕಬೇಕಾದ ಜಾಗ ಬೇರೆ. ಬುಕಾನನ್ ದಿನದಿನವೂ ಇಂಥ ಊರಿನಲ್ಲಿ ತಂಗಿದೆ ಎಂದು ಬರೆದಿದ್ದಾನೆ. 1801ರಲ್ಲಿ ಅವನು ಹಾಸನ, ಚನ್ನರಾಯಪಟ್ಟಣದ ಸೀಮೆಯಲ್ಲಿದ್ದಾಗ ಹೊಸದಾಗಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನ ಆಡಳಿತ ನಡೆಯುತ್ತಿತ್ತು. ಊರೂರಿನ ಗೌಡ, ಶಾನುಭೋಗರ ಹೆಸರು ಕಂದಾಯದ ಲೆಕ್ಕದಲ್ಲಿ ಏರುತ್ತಿತ್ತು. ಕಂಪನಿ ಕಳಿಸಿದ ಪರಂಗಿಯವನು ಬೇಸಾಯ ವಿಚಾರಿಸಲು ಬಂದಾಗ ಎದುರಿಗೆ ಬಂದು ನಿಲ್ಲುವವರು ಬಹುಮಟ್ಟಿಗೆ ಇವರೇ. ದಿನಚರಿಯ ತಂಗುದಾಣಗಳನ್ನು ಆ ಕಾಲದ ಕಡತ, ಕೈಫಿಯತ್ತು, ಶಾನುಭೋಗರ ಮನೆಗಳಲ್ಲಿ ಉಳಿದಿರುವ ಲೆಕ್ಕದ ಪುಸ್ತಕಗಳ ಜೊತೆ ಒಂದೊಂದಾಗಿ ತಾಳೆ ನೋಡುವ ಕೆಲಸವನ್ನು ಕನ್ನಡ ಮತ್ತು ಮೋಡಿ ಅಕ್ಷರ ಬಲ್ಲವರೇ ಮಾಡಬೇಕು, ಕಡತಗಳನ್ನು ಗೆದ್ದಲು ತಿಂದು ಮುಗಿಸುವ ಮೊದಲು.